ನಗುವದಕ್ಕಾದರೂ ಉಳಿದಿರಬೇಕು

ದೀಪ ಹಚ್ಚುವ ಹೊತ್ತು. ಕೇಶ್ವಾಪುರದ ಮನೆಯೊಂದರಲ್ಲಿ ದೂರದರ್ಶನದ ಮುಂದೆ ಮಕ್ಕಳು ಮರಿಗಳೆಲ್ಲ ಕುಳಿತಿದ್ದರು. ಹಳೆಯ ಪೌರಾಣಿಕ ಬೋಲಪಟವೊಂದು ನಡೆದಿತ್ತು. ವೀರನು ಬಿಟ್ಟ ಬಾಣವು ನಡು ಆಕಾಶದಲ್ಲಿ ನಿಂತು ಎದುರಾಳಿಯ ಬಾಣದ ದಾರಿಯನ್ನು ಕಾಯುತ್ತಿರಲು, ಹಿರಿಯ ಮೊಮ್ಮಗನು "ಸ್ಟೇಶನ್ನಿನಾಗ ಕ್ರಾಸಿಂಗಿಗೆ ನಿಂತ ಗಾಡಿ ನೋಡ್ರಿ!" ಎಂದನು. ಮಕ್ಕಳು ಗೊಳ್ಳೆಂದು ನಕ್ಕರು. ಅಜ್ಜಿಯ ಮೋರೆ ಕೆಂಪಾಯಿತು.

ಹಳೆಯದನ್ನು ಕಂಡು ನಗುವದು ಅವಮರ್ಯಾದೆಯೇ? ವಾಚಕರು ತೀರ್ಪು ಕೊಡುವ ಮೊದಲು ಅಮೇರಿಕೆಯ ವೃತ್ತಾಂತವೊಂದನ್ನು ಕೇಳಬೇಕು.

ಅಲ್ಲಿಯ ಮಿನಿಯಾಪೊಲಿಸ್ ಪಟ್ಟಣದಲ್ಲಿ 1988ನೆಯ ಇಸವಿಯಲ್ಲಿ ಜೋಯೆಲ್ ಹಾಡ್ಜ್‌ಸನ್ ಎಂಬ ವಿನೋದಗಾರನು 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಎಂಬ ದೂರದರ್ಶನದ ಆಟವನ್ನು ಹೂಡಿದನು. ಒಬ್ಬ ಮನುಷ್ಯ, ಅವನ ಜೊತೆಗೆ ಎರಡು ಯಂತ್ರದ ಗೊಂಬೆಗಳು. ತೆರೆಯ ಬುಡದಲ್ಲಿ ಅವರ ನೆರಳು ಕಾಣುವದು. ಹಳೆಯ, ಕೆಟ್ಟ ಚಿತ್ರಗಳನ್ನು ನೋಡುತ್ತ ಮಾತುಮಾತಿಗೆ ಚೇಷ್ಟೆ ಮಾಡುವದೇ ಅವರ ಕೆಲಸ. 1999ರಲ್ಲಿ ಆಟವು ನಿಂತುಹೋಯಿತು. ಆದರೆ ಅಭಿಮಾನಿಗಳು ಕೈಬಿಡಲಿಲ್ಲ. ಮನೆಯಲ್ಲಿ ಮುದ್ರಿಸಿಕೊಂಡ ಟೇಪುಗಳನ್ನು ಕೈಯಿಂದ ಕೈಗೆ ದಾಟಿಸಿ ಅದನ್ನು ಜೀವದಿಂದಿಟ್ಟರು. 2015ರಲ್ಲಿ 48,000ಕ್ಕೂ ಮಿಕ್ಕಿ ಜನರು 57 ಲಕ್ಷ ಡಾಲರುಗಳಷ್ಟು ವರ್ಗಣಿಯನ್ನು ಕೂಡಿಸಲು, 2017ರಲ್ಲಿ ಆಟವು ಮತ್ತೆ ಮೊದಲಾಯಿತು.

ಇದಕ್ಕಿಂತಲೂ ಸೋಜಿಗದ ಮಾತಿದೆ. ಟೆಕ್ಸಾಸ್ ಪ್ರಾಂತದ ಗೊಬ್ಬರದ ವ್ಯಾಪಾರಿಯೊಬ್ಬನು 1966ರಲ್ಲಿ ತೆಗೆದ 'ಮ್ಯಾನೋಸ್' ಎಂಬ ಚಿತ್ರವನ್ನು ಜಗತ್ತು ಮರೆತೇ ಬಿಟ್ಟಿತ್ತು. 1993ರಲ್ಲಿ ಈ ಗೊಂಬೆಗಳು ಅದನ್ನು ಗೇಲಿಮಾಡಲು, ಅದರ ಹೆಸರು ಮನೆಮಾತಾಯಿತು. 2011ರಲ್ಲಿ ಅದರ ಹಳೆಯ ಪ್ರತಿಯೊಂದು ದೊರೆತಾಗ ಜನರ ವರ್ಗಣಿಯಿಂದಲೇ ಜೀರ್ಣೋದ್ಧಾರವೂ ಆಯಿತು. ನಕ್ಕವರೇ ಅದನ್ನು ಕಾಯ್ದರು!

ಇನ್ನು ನಮ್ಮ ಮನೆಯ ಸಂಗತಿ. ಕನ್ನಡದ ಮೊದಲನೆಯ ಬೋಲಪಟವಾದ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಯನ್ನು ಕಂಡಿತು. ಅದು ತಯಾರಾದುದು ಮಾತ್ರ ಕೊಲ್ಹಾಪುರದಲ್ಲಿ. ಹುಬ್ಬಳ್ಳಿಯವರಾದ ನಮಗೆ ಬೆಂಗಳೂರಿಗಿಂತ ಅದೇ ಹತ್ತಿರದ ಊರು. ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬಾ ಅವರು ಸುಲೋಚನೆ, ನಾಗೇಂದ್ರರಾಯರು ರಾವಣ. ಇಷ್ಟು ಹಿರಿಮೆಯ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ಫಿಲ್ಮು ಬೇಗನೆ ಬೆಂಕಿಗೆ ತುತ್ತಾಗುವಂಥದು. ಸೆಕೆಗೆ ತಾನೇ ಕೊಳೆಯುವಂಥದು. ಅದರೊಳಗಿನ ಬೆಳ್ಳಿಯ ಆಶೆಗೆ ಎಷ್ಟೋ ಹಳೆಯ ಸುರುಳಿಗಳನ್ನು ಕರಗಿಸಿದ್ದೂ ಉಂಟು.

2015ರಲ್ಲಿ ಆರಂಭವಾದ 'ಮಜಾ ಟಾಕೀಸ್' ಎಂಬ ವಿನೋದದ ಆಟದಿಂದ ಕನ್ನಡಿಗರನ್ನು ನಗಿಸಿದ ಸೃಜನ್ ಲೋಕೇಶ್ ಅವರು ಇದೇ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ. ಅಜ್ಜನ ಇಂದ್ರಜಿತುವನ್ನು ಕಂಡು ಹೆಮ್ಮೆಪಡುವ ಭಾಗ್ಯವಾಗಲಿ, ಚೇಷ್ಟೆ ಮಾಡುವ ಸಲಿಗೆಯಾಗಲಿ ಆ ಮೊಮ್ಮಗನಿಗೂ ಇಲ್ಲ, ನಮಗೂ ಇಲ್ಲ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು: ಅಟ್ಟದ ಮೇಲಿನ ಹಳೆಯ ಸುರುಳಿ, ಟೇಪುಗಳನ್ನು ಮೋಡಕಾ ಮಾರುವವನಿಗೆ ಹಾಕಬೇಡಿರಿ, ಬಿಸಿಲು, ತೇವ ತಾಗದಂತೆ ಇಡಿರಿ, ಬೇಗನೆ ಹೊಸ ಪ್ರತಿಯನ್ನು ತೆಗೆಯಿಸಿರಿ. ಬೆಲೆಯುಳ್ಳ ಚಿತ್ರವೆಂದು ತೋರಿದರೆ, 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿರಿ.

ಕೇಶ್ವಾಪುರದ ಆ ಅಜ್ಜಿಯೂ ಕೊನೆಗೆ ಸಿಟ್ಟನ್ನು ಬಿಟ್ಟು, "ನಗ್ರೆಪಾ, ಬ್ಯಾಡನ್ನೂದಿಲ್ಲ, ಆದರ ಕಡೀತನಕಾ ನೋಡ್ರಿ" ಎಂದರು. ಮಕ್ಕಳು ಕಡೆಯ ತನಕ ಏಳಲಿಲ್ಲ.