ಗುಡಿಯ ಗೋಡೆಗೆ ಹತ್ತಿದ ಮನೆಗಳು

ಬೆಂಗಳೂರಿನಿಂದ ಬೆಳಗಾವಿಗೆ ಹೊರಟ ಗಾಡಿ ಗಬ್ಬೂರಿನಲ್ಲಿ ಬೈಪಾಸ್ ಹಿಡಿಯಿತೆಂದರೆ ಧಾರವಾಡದ ನರೇಂದ್ರದವರೆಗೆ ಹುಬ್ಬಳ್ಳಿಯ ಗೊಡವೆಯೇ ಇಲ್ಲ. ಊರೊಳಗೆ ಬಂದವರಾದರೂ ಉಣಕಲ್ ಕೆರೆಯ ದಂಡೆಯಲ್ಲಿ ಗಿರ್ಮಿಟ್ ತಿಂದು ಮುಂದೆ ಸಾಗುತ್ತಾರೆ. ಹಳೇ ಉಣಕಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆಯೆಂದು ಹುಬ್ಬಳ್ಳಿಯವರಲ್ಲೇ ಎಷ್ಟೋ ಮಂದಿಗೆ ಗೊತ್ತಿಲ್ಲ.

ಒಳಗೆ ಚತುರ್ಮುಖ ಲಿಂಗ, ನಾಲ್ಕು ದಿಕ್ಕಿಗೂ ಬಾಗಿಲು. ಆ ಕಾಲದ ಶಿಲ್ಪಿಗಳು ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲನ್ನು ಬಿಟ್ಟು ಧಾರವಾಡ ಸೀಮೆಯ ಬಳಪದ ಕಲ್ಲಿಗೆ ಬಂದಿದ್ದರು. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲು ಅದು. ಕಂಬಗಳ ಮೇಲಿನ ಕಡೆದ ಸುತ್ತುಗಳು ಬಳೆ ಜೋಡಿಸಿಟ್ಟಂತೆ ಒಂದರ ಮೇಲೊಂದು ಕೂತಿವೆ. ಜಾಲಂಧ್ರದ ತೂತುಗಳಿಂದ ಬೀಳುವ ಬೆಳಕಿನಲ್ಲಿ ಅವುಗಳ ಅಂಚು ಇಂದಿಗೂ ಚೂಪಾಗಿ ಕಾಣುತ್ತದೆ.

ಹೊರಗೆ ಬಂದರೆ ಮನೆಗಳು, ಗುಡಿಯ ಬುಡದವರೆಗೂ. ಇದು ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಕಡ್ಡಾಯ. ಹಳೆ ಮನೆಯ ರಿಪೇರಿಗೂ ಅರ್ಜಿ ಹಾಕಬೇಕು. ಮಗನ ಮದುವೆಯಾಯಿತು, ಮೇಲೊಂದು ಖೋಲಿ ಹಾಕೋಣವೆಂದರೆ ಆಗದು. ನಿಯಮ ಸರಿಯೇ. ಆದರೆ ಅದರ ಭಾರವೆಲ್ಲ ಬಡವರ ಹೆಂಚಿನ ಮೇಲೆ ಬಿದ್ದಿದೆ.

ವಿಶ್ವ ಪರಂಪರೆ ಪಟ್ಟಿಯ ಹೆಸರೆತ್ತಿದರೆ ನಮಗೆ ಉತ್ಸಾಹ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಆ ಪಟ್ಟಿ ಸೇರಿದಾಗ ನಾಡೆಲ್ಲ ಸಂಭ್ರಮಿಸಿತು. ಆದರೆ ಪಟ್ಟಿಗೆ ಪೊಲೀಸರಿಲ್ಲ. ಕಾಯುವುದು ನಮ್ಮದೇ ಕಾನೂನು. 1986ರಲ್ಲೇ ಪಟ್ಟಿ ಸೇರಿದ ಹಂಪಿ, ಆನೆಗೊಂದಿ ಸೇತುವೆಯ ಗದ್ದಲದಲ್ಲಿ 1999ರಲ್ಲಿ ಅಪಾಯದಂಚಿನ ತಾಣವೆನಿಸಿಕೊಂಡಿತು. ಆ ಹಣೆಪಟ್ಟಿ ಕಳಚಿದ್ದು 2006ರಲ್ಲಿ. ಆ ನಡುವೆ ಹಂಪಿಗೆಂದೇ ಒಂದು ಪ್ರಾಧಿಕಾರ ಬಂತು. ಉಣಕಲ್ಲಿಗೆ ಅಂಥ ಭಾಗ್ಯವೆಲ್ಲಿ?

ಸುತ್ತಲಿನ ಮನೆಗಳನ್ನು ಸ್ಥಳಾಂತರಿಸುವ ಮಾತು ವರ್ಷಗಳಿಂದ ನಡೆದಿದೆ. ತೆರವು ಎಂದೊಡನೆ ನಮ್ಮಲ್ಲಿ ಮೊದಲು ಬರುವುದು ಜೆಸಿಬಿ. ಈ ಗುಡಿಯನ್ನು ಊರೊಳಗೆ ಇಟ್ಟುಕೊಂಡು ಬಾಳಿದವರು ಆ ಓಣಿಯವರೇ ಅಲ್ಲವೇ? ಅವರನ್ನು ಅತಿಕ್ರಮಣದಾರರ ಸಾಲಿಗೆ ಸೇರಿಸುವ ಮುಂಚೆ ಉಣಕಲ್ಲಿನಲ್ಲೇ ಜಾಗ, ಕಟ್ಟಿಕೊಳ್ಳುವಷ್ಟು ಪರಿಹಾರ ಕೈಗೆ ಬರಬೇಕು. ಉಳಿಯುವವರಿಗೆ ರಿಪೇರಿ ಅನುಮತಿ ಮಳೆಗಾಲಕ್ಕೆ ಮೊದಲೇ ಸಿಗಬೇಕು.