ಬೀದಿಗೆ ಎಸೆದ ಎಂಜಲು, ನಾಯಿಗೆ ಪ್ರಾಣಸಂಕಟ

ಬೆಂಗಳೂರು: ರಾತ್ರಿ ಊಟದ ನಂತರ ಉಳಿದ ಅನ್ನ, ಸಾರು, ಕೋಳಿಯ ಮೂಳೆ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ, ರಸ್ತೆ ತಿರುವಿನ ವಿದ್ಯುತ್ ಕಂಬದ ಬುಡಕ್ಕೆ ಎಸೆಯುವುದು ನಗರದ ಬಡಾವಣೆಗಳಲ್ಲಿ ಇಂದಿಗೂ ಕಾಣುವ ದೃಶ್ಯ. ಬೆಳಿಗ್ಗೆ ಕಸದ ಆಟೊ ಬರುವವರೆಗೆ ಕಾಯುವ ತಾಳ್ಮೆ ಇಲ್ಲದೆ ಎಸೆಯುವವರು ಕೆಲವರು. ‘ಪಾಪ, ನಾಯಿಯಾದರೂ ತಿನ್ನಲಿ’ ಎಂಬ ಕರುಣೆಯಿಂದ ಎಸೆಯುವವರು ಇನ್ನು ಕೆಲವರು. ಉದ್ದೇಶ ಯಾವುದೇ ಇರಲಿ, ಆ ಕವರು ಬೀದಿಯ ನಾಯಿಗೆ ಊಟವಾಗುವ ಬದಲು ಕಂಟಕವಾಗುವ ಸಂಭವವೇ ಹೆಚ್ಚು.

ಬೀದಿನಾಯಿ ಏನು ತಿಂದರೂ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಬದುಕುಳಿದ ನಾಯಿ ನಿತ್ಯ ಕಣ್ಣಿಗೆ ಬೀಳುತ್ತದೆ, ಸತ್ತದ್ದು ಬೀಳುವುದಿಲ್ಲ ಎಂಬುದೇ ಈ ನಂಬಿಕೆಗೆ ಕಾರಣ. ಹೊಟ್ಟೆನೋವಿನಿಂದ ನರಳುವ ನಾಯಿ ಜನರಿಂದ ದೂರ ಸರಿದು ಚರಂಡಿಯ ಬದಿಯಲ್ಲೋ ಖಾಲಿ ನಿವೇಶನದಲ್ಲೋ ಮಲಗುತ್ತದೆ. ಅದರ ಕಳೇಬರವನ್ನು ಸಾಗಿಸುವವರು ಸಾವಿನ ಕಾರಣವನ್ನು ಹುಡುಕುವುದು ಅಪರೂಪ.

ಬೆಂದ ಮೂಳೆಯ ಚೂಪು

ನಾಯಿಗೂ ಮೂಳೆಗೂ ಇರುವ ನಂಟು ಹಳೆಯದು. ಆದರೆ ಬೇಯಿಸಿದ ಮೂಳೆಯ ಸ್ವಭಾವವೇ ಬೇರೆ. ಬೆಂದಾಗ ಅದು ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ. ಅಗಿದೊಡನೆ, ವಿಶೇಷವಾಗಿ ಕೋಳಿಯ ಕಾಲಿನ ಟೊಳ್ಳು ಮೂಳೆ, ಸೂಜಿಯಂತಹ ಚೂರುಗಳಾಗಿ ಸೀಳುತ್ತದೆ. ಈ ಚೂರುಗಳು ಗಂಟಲಲ್ಲಿ ಅಥವಾ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು, ಕರುಳನ್ನು ತೂತು ಮಾಡಬಹುದು. ಕರುಳು ತೂತಾದರೆ ಸೋಂಕು ಇಡೀ ಹೊಟ್ಟೆಗೆ ಹರಡುತ್ತದೆ. ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ನಾಯಿ ಉಳಿಯುವುದು ಕಷ್ಟ. ಬಿರಿಯಾನಿ ಅಂಗಡಿಗಳ ಹಿಂಭಾಗದಲ್ಲಿ ರಾಶಿ ಬೀಳುವ ಎಂಜಲಿನಲ್ಲಿ ಇಂತಹ ಮೂಳೆಗಳದೇ ದೊಡ್ಡ ಪಾಲು.

ರಸ್ತೆಬದಿಯಲ್ಲಿ ಮಾರುವ ಸುಟ್ಟ ಮುಸುಕಿನ ಜೋಳದ ದಿಂಡು ಮತ್ತು ಮಾವಿನ ಓಟೆ ಕೂಡ ಅಪಾಯಕಾರಿ. ಇವೆರಡೂ ನಾಯಿಯ ಹೊಟ್ಟೆಯಲ್ಲಿ ಕರಗುವುದಿಲ್ಲ. ಇಡಿಯಾಗಿ ನುಂಗಿದರೆ ಕರುಳಿನಲ್ಲಿ ಬಿರಡೆಯಂತೆ ಕುಳಿತು ದಾರಿ ಮುಚ್ಚುತ್ತವೆ.

ಗಂಟು ಹಾಕಿದ ಕವರು

ಪ್ಲಾಸ್ಟಿಕ್ ಕವರು ಎಂದೊಡನೆ ಬೀದಿಯ ಹಸುಗಳ ಹೊಟ್ಟೆಯಿಂದ ಹೊರತೆಗೆದ ಕಿಲೋಗಟ್ಟಲೆ ಪ್ಲಾಸ್ಟಿಕ್ ನೆನಪಾಗುತ್ತದೆ. ನಾಯಿಯ ಕಷ್ಟವೂ ಅದೇ ಬಗೆಯದು. ಸಾರು ಮೆತ್ತಿದ ಕವರಿನಲ್ಲಿ ಅನ್ನವೆಲ್ಲಿ, ಪ್ಲಾಸ್ಟಿಕ್ ಎಲ್ಲಿ ಎಂಬುದನ್ನು ಹಸಿದ ನಾಯಿ ಬೇರ್ಪಡಿಸುವುದಿಲ್ಲ. ಪಾರ್ಸೆಲ್ ತಂದ ತೆಳು ಹಾಳೆ, ಸಾಂಬಾರಿನ ಪೊಟ್ಟಣಕ್ಕೆ ಸುತ್ತಿದ ದಾರ, ರಬ್ಬರ್ ಬ್ಯಾಂಡ್, ಅಲ್ಯುಮಿನಿಯಂ ಹಾಳೆ ಎಲ್ಲವೂ ಒಟ್ಟಿಗೆ ಒಳಗೆ ಹೋಗುತ್ತವೆ. ಇವುಗಳಲ್ಲಿ ದಾರ ಬಲು ಅಪಾಯಕಾರಿ. ಅದರ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ನೆರಿಗೆಗಟ್ಟಿ ಸೀಳುತ್ತದೆ. ತಳದಲ್ಲಿ ಅಂಟಿದ ಆಹಾರಕ್ಕಾಗಿ ಪ್ಲಾಸ್ಟಿಕ್ ಡಬ್ಬಿಯೊಳಗೆ ತಲೆ ತೂರಿಸಿ, ಹೊರತೆಗೆಯಲಾಗದೆ ದಿನಗಟ್ಟಲೆ ಅನ್ನ ನೀರಿಲ್ಲದೆ ಅಲೆಯುವ ನಾಯಿಗಳೂ ಇವೆ.

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳ ನಿಷೇಧ ಜಾರಿಗೆ ಬಂದದ್ದು 2016ರಲ್ಲಿ. ಹಸಿ ಕಸ ಮತ್ತು ಒಣ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಕೇಂದ್ರದ ಘನತ್ಯಾಜ್ಯ ನಿಯಮಗಳು ಹೇಳಿದ್ದೂ ಅದೇ ವರ್ಷ. ಈ ಎರಡನ್ನೂ ಪಾಲಿಸಿದ ಮನೆಯಿಂದ ಎಂಜಲು ತುಂಬಿದ ಕವರು ಬೀದಿಗೆ ಬರಲು ಸಾಧ್ಯವಿಲ್ಲ.

ಮನುಷ್ಯನಿಗೆ ರುಚಿ, ನಾಯಿಗೆ ವಿಷ

ನಮ್ಮ ಅಡುಗೆಮನೆಯ ಕೆಲವು ಪದಾರ್ಥಗಳು ನಾಯಿಯ ದೇಹಕ್ಕೆ ನೇರವಾಗಿ ವಿಷ. ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕಯುಕ್ತ ರಾಸಾಯನಿಕಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ದೇಹದ ಪ್ರತಿ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸೇರಿದರೆ ಹಾನಿ ಆರಂಭವಾಗುತ್ತದೆ. ಅಂದರೆ 10 ಕಿಲೋ ತೂಕದ ನಾಯಿಗೆ ಎರಡು-ಮೂರು ಗೆಡ್ಡೆಗಳೇ ಸಾಕು. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ರಕ್ತಹೀನತೆ ಬರಬಹುದು. ಲಕ್ಷಣಗಳು ಕಾಣುವುದು ಕೆಲವು ದಿನಗಳ ನಂತರ. ಆದ್ದರಿಂದಲೇ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಎಂಬ ಅಂಶವನ್ನು ಹೊರಹಾಕಲು ನಾಯಿಯ ದೇಹಕ್ಕೆ ಬಹಳ ಹೊತ್ತು ಬೇಕು. ವಾಂತಿ, ಚಡಪಡಿಕೆ, ಹೃದಯ ಬಡಿತದಲ್ಲಿ ಏರುಪೇರು, ಕೊನೆಗೆ ಸೆಳವು ಉಂಟಾಗಬಹುದು. ಚಾಕೊಲೇಟ್ ಕಪ್ಪಾದಷ್ಟೂ ಅಪಾಯ ಹೆಚ್ಚು. ಹುಟ್ಟುಹಬ್ಬದ ನಂತರ ಉದ್ಯಾನದಲ್ಲಿ ಬಿಟ್ಟುಹೋದ ಚಾಕೊಲೇಟ್ ಕೇಕು ಮರಿಗಳಿಗೆ ಹೆಚ್ಚು ಹಾನಿಕರ. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳಲ್ಲಿ ಬಳಸುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯೊಳಗೇ ಕುಸಿಯುವಂತೆ ಮಾಡಬಲ್ಲದು.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತವೆ ಎಂಬುದು ಬಹಳ ಕಾಲದಿಂದ ಗೊತ್ತಿದ್ದರೂ ಕಾರಣ ನಿಗೂಢವಾಗಿತ್ತು. ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯ ತಜ್ಞರು 2021ರಲ್ಲಿ ಸೂಚಿಸಿದರು. ಕನ್ನಡಿಗರು ಗಮನಿಸಬೇಕಾದ ಸಂಗತಿಯೆಂದರೆ, ಇದೇ ಆಮ್ಲ ಹುಣಸೆಹಣ್ಣಿನಲ್ಲಿಯೂ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳಿಗೆ ಮೂತ್ರಪಿಂಡದ ತೊಂದರೆಯಾದ ಪ್ರಕರಣಗಳೂ ವರದಿಯಾಗಿವೆ. ಆದ್ದರಿಂದ ಒಣದ್ರಾಕ್ಷಿ ಹಾಕಿದ ಪಾಯಸ, ಕೇಸರಿಬಾತ್ ಮತ್ತು ಹಿಂಡಿ ಬಿಸಾಡಿದ ಹುಣಸೆಯ ಚರಟ ನಾಯಿಗೆ ಸಿಗದಂತೆ ನೋಡಿಕೊಳ್ಳುವುದು ಕ್ಷೇಮ.

ಹಳಸಿ ಬೂಷ್ಟು ಹಿಡಿದ ಅನ್ನ, ಬ್ರೆಡ್ಡಿನದೂ ಇದೇ ಕಥೆ. ಕೆಲವು ಬಗೆಯ ಬೂಷ್ಟಿನ ವಿಷದಿಂದ ನಾಯಿಗೆ ನಡುಕ ಮತ್ತು ಸೆಳವು ಬರುತ್ತವೆ. ಹೀಗೆ ನಡುಗುವ ನಾಯಿಯನ್ನು ಕಂಡು ಹುಚ್ಚು ಹಿಡಿದಿದೆ ಎಂದು ಜನ ತಪ್ಪಾಗಿ ಭಾವಿಸಲೂಬಹುದು.

ಜನರಿಗೂ ತಪ್ಪದ ತೊಂದರೆ

ಎಂಜಲು ಬಿದ್ದಲ್ಲಿ ನಾಯಿಗಳ ಗುಂಪು ಸೇರುತ್ತದೆ. ಆಹಾರಕ್ಕಾಗಿ ಕಚ್ಚಾಟ ನಡೆಯುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಹಾದುಹೋಗುವ ಮಗು, ಬೈಕ್ ಸವಾರ, ಕಸ ಎತ್ತಲು ಬಾಗಿದ ಪೌರಕಾರ್ಮಿಕರು ಕಡಿತಕ್ಕೆ ಗುರಿಯಾಗಬಹುದು.

ಬಿಬಿಎಂಪಿಯ 2023ರ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. 2019ರಲ್ಲಿ ಇದು ಸುಮಾರು 3.10 ಲಕ್ಷವಿತ್ತು. ಬೀದಿನಾಯಿಗಳಿಗೆ ಆಹಾರ ಒದಗಿಸುವ ಯೋಜನೆಯನ್ನು ಪಾಲಿಕೆ 2025ರಲ್ಲಿ ಮುಂದಿಟ್ಟಾಗ ಪರ-ವಿರೋಧ ಚರ್ಚೆ ಜೋರಾಗಿಯೇ ನಡೆಯಿತು. ಅದೇ ವರ್ಷದ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಬೀದಿಯಲ್ಲಿ ಕಂಡಕಂಡಲ್ಲಿ ನಾಯಿಗಳಿಗೆ ಆಹಾರ ಹಾಕಬಾರದು, ವಾರ್ಡುಗಳಲ್ಲಿ ಇದಕ್ಕಾಗಿಯೇ ಜಾಗ ಗುರುತಿಸಬೇಕು ಎಂದು ಆದೇಶಿಸಿತು. ಇಂತಹ ಜಾಗ ಮಕ್ಕಳ ಆಟದ ಸ್ಥಳದಿಂದ ದೂರವಿರಬೇಕೆಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಹೇಳಿದ್ದವು.

ಏನು ಮಾಡಬೇಕು?

ನಾಯಿಗೆ ಆಹಾರ ಕೊಡುವ ಇಚ್ಛೆಯಿದ್ದವರು ಗುರುತಿಸಿದ ಜಾಗದಲ್ಲಿ, ನಿಗದಿತ ವೇಳೆಗೆ, ತಟ್ಟೆಯಲ್ಲಿ ಇಡಬೇಕು. ಮಸಾಲೆ, ಈರುಳ್ಳಿ ಇಲ್ಲದ ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಸೂಕ್ತ. ತಿಂದ ಮೇಲೆ ತಟ್ಟೆಯನ್ನು ಎತ್ತಿ ಜಾಗ ಸ್ವಚ್ಛಗೊಳಿಸಬೇಕು. ಪಕ್ಕದಲ್ಲಿ ಒಂದು ಬಟ್ಟಲು ನೀರು ಇಡುವುದನ್ನು ಮರೆಯಬಾರದು. ಮೂಳೆ, ಹಳಸಿದ ಪದಾರ್ಥ, ಹಣ್ಣಿನ ಓಟೆ ಮುಂತಾದವನ್ನು ಕವರಿಲ್ಲದೆ ಹಸಿ ಕಸದ ಬಕೆಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿ, ಕಸದ ಆಟೊಗೆ ಒಪ್ಪಿಸಬೇಕು.

ನಾಯಿ ಪದೇ ಪದೇ ವಾಂತಿ ಮಾಡಿದರೆ, ಜೊಲ್ಲು ಸುರಿಸಿದರೆ, ಹೊಟ್ಟೆ ಉಬ್ಬಿದರೆ, ಬೆನ್ನು ಬಾಗಿಸಿ ನಿಂತರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಸಲ್ಲದು. ಚೂಪಾದ ಮೂಳೆ ಹಿಂದಿರುಗುವಾಗ ಮತ್ತೆ ಗಾಯ ಮಾಡುತ್ತದೆ, ಉಪ್ಪು ಹೆಚ್ಚಾದರೆ ಅದೇ ವಿಷವಾಗುತ್ತದೆ. ಬಾಯಿಯಿಂದಲೋ ಹಿಂಬದಿಯಿಂದಲೋ ದಾರ ಇಣುಕಿದರೆ ಎಳೆಯಬಾರದು. ಬಾಯಿಗೆ ಕೈ ಹಾಕುವುದಂತೂ ಬೇಡ. ನೋವಿನಲ್ಲಿರುವ ನಾಯಿ, ಪರಿಚಿತವಾದದ್ದಾದರೂ, ಕಚ್ಚಬಹುದು.

ಇದಕ್ಕೆಲ್ಲ ಹೊಸ ಕಾನೂನಾಗಲಿ, ಹೆಚ್ಚಿನ ಖರ್ಚಾಗಲಿ ಬೇಕಿಲ್ಲ. ರಾತ್ರಿಯ ಎಂಜಲು ಬೆಳಗಿನವರೆಗೆ ಮುಚ್ಚಳವಿರುವ ಬಕೆಟ್ಟಿನಲ್ಲಿ ಮನೆಯಲ್ಲೇ ಉಳಿದರೆ, ಬೀದಿಯೂ ಸ್ವಚ್ಛ, ನಾಯಿಯೂ ಕ್ಷೇಮ.