ಪಂಢರಪುರದ ಸಣ್ಣ ಹಳಿ, ಒಂದೇ ಡಬ್ಬಿಯ ಗಾಡಿ

ಸಿಂದಗಿ ಸೀಮೆಯ ಯಂಕಂಚಿಗೆ ರೈಲು ಹಳಿ ಇಲ್ಲ. ಆದರೂ ನಮ್ಮ ಸಿಂದಗಿ, ಇಂಡಿ ಸೀಮೆಯಿಂದ ಪಂಢರಪುರದ ವಿಠ್ಠಲನ ದರ್ಶನಕ್ಕೆ ರೈಲು ಹಿಡಿದವರು ಒಂದು ಕಾಲಕ್ಕೆ ಮೂರು ಅಳತೆಯ ಹಳಿಗಳ ಮೇಲೆ ಹೋಗುತ್ತಿದ್ದರು. ಇಂಡಿ ರೋಡಿನಿಂದ ಹೋಟಗಿಗೆ ಮೀಟರ್ ಗೇಜ್. ಅಲ್ಲಿಂದ ಸೊಲ್ಲಾಪುರ ದಾಟಿ ಕುರ್ಡುವಾಡಿಗೆ ಬ್ರಾಡ್‌ಗೇಜ್. ಅಲ್ಲಿ ಮತ್ತೆ ಗಂಟು ಇಳಿಸಿ, ಎರಡೂವರೆ ಅಡಿ ಅಗಲದ ಹಳಿಯ ಬಾರ್ಶಿ ಲೈಟ್ ರೈಲ್ವೆ ಹತ್ತಬೇಕು.

ಆ ಸಣ್ಣ ಹಳಿಯ ಹಿಂದೆ ದೊಡ್ಡ ಲೆಕ್ಕಾಚಾರವಿತ್ತು. ಇಂಗ್ಲೆಂಡಿನ ಎಂಜಿನಿಯರ್ ಎವರಾರ್ಡ್ ಕ್ಯಾಲ್ಥ್ರಾಪ್, ಒಂದೊಂದು ಅಚ್ಚಿನ ಮೇಲೆ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದೆಂದು ಎಂಜಿನ್ನು, ಡಬ್ಬಿ ಎಲ್ಲವನ್ನೂ ಅಳೆದು ಮಾಡಿಸಿದ. ಭಾರ ಕಡಿಮೆಯಾದರೆ ತೆಳುವಾದ ಹಳಿ ಸಾಕು, ಖರ್ಚೂ ಕಡಿಮೆ. 1897ರಲ್ಲಿ ಬಾರ್ಶಿಗೆ, 1906ರಲ್ಲಿ ಪಂಢರಪುರಕ್ಕೆ ಗಾಡಿ ಬಂತು.

ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರೆ ರೈಲುಕಾರು ಸಿಗುತ್ತದೆ. ಹತ್ತಾರು ಜನರನ್ನು ಒಯ್ಯಲು ಪ್ರತ್ಯೇಕ ಎಂಜಿನ್ ಯಾಕೆ? ಡಬ್ಬಿಯೊಳಗೇ ಎಂಜಿನ್ ಕೂರಿಸಿದರಾಯಿತು. ಕಾಲ್ಕಾ–ಶಿಮ್ಲಾದ ಎರಡೂವರೆ ಅಡಿ ಹಳಿಗೆ ಇಂಗ್ಲೆಂಡಿನ ಡ್ರೂರಿ ಕಂಪನಿಯ ಇಂಥ ಗಾಡಿಗಳು ಬಂದದ್ದು 1927ರಲ್ಲಿ. ಮೊದಲು ಪೆಟ್ರೋಲಿನವು, ಆಮೇಲೆ ಡೀಸೆಲ್ ಎಂಜಿನ್ ಹಾಕಿಸಿಕೊಂಡು ನಮ್ಮ ಕಾಲದವರೆಗೂ ಗುಡ್ಡ ಹತ್ತಿದವು.

ನಮ್ಮ ರಾಜ್ಯದಲ್ಲಿ ಈ ವಂಶದ ಗಾಡಿ ಶಿವಮೊಗ್ಗ–ತಾಳಗುಪ್ಪದ ಮೀಟರ್ ಗೇಜಿನ ರೈಲುಬಸ್ಸು. ಮಲೆನಾಡಿನ ಕಾಡಿನ ನಡುವೆ ಬಸ್ಸಿನಂಥ ಒಂದೇ ಡಬ್ಬಿ. ಬ್ರಾಡ್‌ಗೇಜ್ ಬಂದಾಗ ಅದರ ಓಟ ನಿಂತಿತು. ಅದೇ ದಾರಿಯ ಅರಸಾಳು ನಿಲ್ದಾಣ, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣದ ಪುಣ್ಯದಿಂದ, 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದೇ ವರ್ಷ ಹುಬ್ಬಳ್ಳಿಯಲ್ಲೂ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ನನಗೆ ಎರಡೂ ಬಹಳ ಸಂತೋಷದ ಸಂಗತಿ.

ಆದರೆ ಉಗಿಬಂಡಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿದರೂ ಅದರ ಗತ್ತು ಉಳಿಯುತ್ತದೆ. ರೈಲುಕಾರಿಗೆ ಅಂಥ ಗತ್ತಿಲ್ಲ. ಚಾಲಕನ ಬೆನ್ನ ಹಿಂದೆ ಕೂತು, ಹಳಿ ಎದುರಿನಿಂದ ಓಡಿಬಂದು ಕಾಲಡಿ ಸರಿಯುವುದನ್ನು ನೋಡುವುದರಲ್ಲೇ ಅದರ ಸೊಗಸಿರುವುದು. ಹಾಗಾಗಿ ಅದನ್ನು ಓಡಿಸುತ್ತಲೇ ಉಳಿಸಬೇಕು. ಅದಕ್ಕೆ ಒಂದೆರಡು ಕಿಲೋಮೀಟರ್ ಹಳಿ ಬೇಕು, ಗೇರು, ಬ್ರೇಕು, ಗಾಲಿ ಬಲ್ಲ ಕೈಗಳು ಬೇಕು.

ಪಂಢರಪುರದ ಸಣ್ಣ ಹಳಿ ಈಗ ಬ್ರಾಡ್‌ಗೇಜ್ ಆಗಿದೆ. ಬಾರ್ಶಿ ಲೈಟ್ ಕಾಲದ ಕುರ್ಡುವಾಡಿಯ ಕಾರ್ಖಾನೆ ಮಾತ್ರ ಆಮೇಲೂ ಮಾಥೇರಾನ್ ಬೆಟ್ಟದ ಎರಡಡಿ ಹಳಿಯ ಗಾಡಿಗಳನ್ನು ರಿಪೇರಿ ಮಾಡಿಕೊಟ್ಟಿತು. ಆ ಕೈಗಳು ನಮ್ಮಿಂದ ದೂರವೇನಿಲ್ಲ, ಸೊಲ್ಲಾಪುರದ ಆಚೆಗೇ ಇವೆ.